ಬಾಣಂತಿಗೆ ಬಂದ ಬೇಡದ ಯೋಚನೆ

ನನ್ನ ಹತ್ತಿರ ಚಿಕಿತ್ಸೆಗೆ ಬಂದ ಇವರನ್ನು ಲತಾ ಅಂತ ಕರೆಯೋಣ. ಹೆಸರು, ಗುರುತು ಬದಲಿಸಿದ್ದೇನೆ. ಮೊದಲ ಹೆರಿಗೆಯಾಗಿ ಮೂರನೇ ತಿಂಗಳು. ತವರಿನಲ್ಲಿ ಬಾಣಂತನ. ಹಾಲು ಕುಡಿಸಿದ ಕೂಡಲೇ ಮಗುವನ್ನು ತಾಯಿಯ ಕೈಗೆ ಕೊಟ್ಟುಬಿಡ್ತಾಳೆ, ಒಬ್ಬಳೇ ಮಗು ಜೊತೆ ಇರೋದೇ ಇಲ್ಲ ಅನ್ನೋದು ಗಂಡನ ದೂರು. ಮನೆಯವರು ದೃಷ್ಟಿ ತೆಗೆದಿದ್ದರು, ತಾಯತ ಕಟ್ಟಿಸಿದ್ದರು.

ಗಂಡನನ್ನು ಹೊರಗೆ ಕೂರಿಸಿದ ಮೇಲೆ ಲತಾ ಬಾಯಿ ಬಿಟ್ಟರು. ಈಳಿಗೆಮಣೆ ಕಂಡರೆ ಸಾಕು, ‘ಮಗುವಿಗೆ ನಾನೇ ಏನಾದ್ರೂ ಮಾಡಿಬಿಟ್ಟರೆ?’ ಅಂತ ತಲೆಗೆ ಬರುತ್ತಿತ್ತಂತೆ. ಈಳಿಗೆಮಣೆ, ಚಾಕು, ಕತ್ತರಿ ಎಲ್ಲ ಗೋಣಿಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿದ್ದರು. ತರಕಾರಿ ಪಕ್ಕದ ಮನೆಯಲ್ಲಿ ಹೆಚ್ಚಿಸಿಕೊಂಡು ಬರುತ್ತಿದ್ದರು. ರಾತ್ರಿಯೆಲ್ಲಾ ತಾಯಿಯನ್ನು ಎಬ್ಬಿಸಿ, ‘ಅಮ್ಮಾ, ನಾನು ಏನೂ ಮಾಡಿಲ್ಲ ಅಲ್ವಾ?’

“ಮೇಡಂ, ನಾನು ರಾಕ್ಷಸಿ ಅಲ್ವಾ? ಪೊಲೀಸರಿಗೆ ಹೇಳ್ತೀರಾ?” ಅಂದರು.

ಕಿವಿಯಲ್ಲಿ ಯಾರಾದರೂ ಮಾತಾಡಿದ ಹಾಗೆ ಆಗುತ್ತಾ? ಹಾಗೆ ಮಾಡೋದೇ ಸರಿ ಅಂತ ಯಾವತ್ತಾದರೂ ಅನ್ನಿಸಿತ್ತಾ? ಎರಡಕ್ಕೂ ಇಲ್ಲ. ಇದನ್ನು ಕೇಳಲೇಬೇಕು. ಹೆರಿಗೆಯ ನಂತರ ಬರುವ ಸೈಕೋಸಿಸ್, ಅಂದರೆ ಇಲ್ಲದ ದನಿ ಕೇಳಿಸೋದು, ಯಾವುದು ನಿಜ ಅನ್ನೋದರ ಅರಿವು ತಪ್ಪೋದು, ಬೇರೆ. ಅದು ಎಮರ್ಜೆನ್ಸಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಲತಾ ಅವರದ್ದು ಗೀಳು ಕಾಯಿಲೆ, ಅಂದರೆ ಒಸಿಡಿ. ಬಸುರಿ, ಬಾಣಂತಿಯರಲ್ಲಿ ಇದು ಶುರುವಾಗೋದು, ಇದ್ದದ್ದು ಜಾಸ್ತಿಯಾಗೋದು ಅಪರೂಪವಲ್ಲ. ಇಂಥ ಯೋಚನೆ ಎಷ್ಟೋ ತಾಯಂದಿರಿಗೆ ಮಿಂಚಿ ಹೋಗುತ್ತದೆ. ಗೀಳಿನಲ್ಲಿ ಅದು ಅಂಟಿಕೊಳ್ಳುತ್ತದೆ. “ನಿಮಗೆ ಇಷ್ಟೊಂದು ಹೆದರಿಕೆ ಆಗ್ತಿರೋದೇ ಅದು ನಿಮ್ಮ ಆಸೆ ಅಲ್ಲ ಅನ್ನೋದಕ್ಕೆ” ಅಂತ ಹೇಳಿದೆ. ಅವರು ತುಂಬಾ ಹೊತ್ತು ಅತ್ತರು.

ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಸರ್ಟ್ರಲಿನ್ ಅನ್ನೋ ಮಾತ್ರೆ ಕೊಟ್ಟರು. ಎದೆಹಾಲಿಗೆ ಇದು ಹೋಗುವ ಪ್ರಮಾಣ ಬಹಳ ಕಡಿಮೆ, ಹಾಲು ನಿಲ್ಲಿಸಬೇಕಾಗಲಿಲ್ಲ. ಗೀಳಿಗೆ ಈ ಮಾತ್ರೆಗಳು ಪೂರ್ತಿ ಹಿಡಿಯೋಕೆ 8ರಿಂದ 12 ವಾರ ಬೇಕು. ಎರಡು ವಾರ ತಗೊಂಡು ಗುಣ ಕಾಣ್ಲಿಲ್ಲ ಅಂತ ಬಿಡುವವರು ಇರುತ್ತಾರೆ, ಅದಕ್ಕೇ ಗಂಡನಿಗೂ ಕೂರಿಸಿ ಹೇಳಿದೆ.

ನಮ್ಮ ಕೆಲಸ ಇಆರ್‌ಪಿ ಅನ್ನೋ ಚಿಕಿತ್ಸೆ: ಹೆದರಿಕೆಯನ್ನು ಎದುರಿಸೋದು, ಆದರೆ ತಪ್ಪಿಸಿಕೊಳ್ಳುವ ದಾರಿ ಹಿಡಿಯದೇ ಇರೋದು. ಮೊದಲು ಈಳಿಗೆಮಣೆ ಅಟ್ಟದಿಂದ ಇಳಿದು ಅಡುಗೆಮನೆ ಮೂಲೆಗೆ ಬಂತು. ಆಮೇಲೆ ತಾಯಿ ಪಕ್ಕದಲ್ಲಿದ್ದಾಗ ಹುರುಳಿಕಾಯಿ ಹೆಚ್ಚಿದರು. ಆಮೇಲೆ ತೊಟ್ಟಿಲು ಅದೇ ಕೋಣೆಯಲ್ಲಿ, ತಾಯಿ ಹಿತ್ತಲಿನಲ್ಲಿ. ಕೈ ನಡುಗಿತು, ಎದೆ ಹೊಡೆದುಕೊಂಡಿತು, ಎದ್ದು ಓಡಲಿಲ್ಲ. ಹೆಚ್ಚುತ್ತಾ ಹೆಚ್ಚುತ್ತಾ ಹೆದರಿಕೆ ತಾನಾಗೇ ಇಳಿಯಿತು. ‘ಏನೂ ಆಗಲ್ಲ’ ಅಂತ ಯಾರೂ ಧೈರ್ಯ ಹೇಳದೆ ಇಳಿಯಿತು ಅನ್ನೋದು ಇಲ್ಲಿ ಮುಖ್ಯ.

ಕಷ್ಟವಾಗಿದ್ದು ತಾಯಿಗೆ. ಮಗಳು ಕೇಳಿದಾಗೆಲ್ಲ ‘ಇಲ್ಲ ಕಣೇ, ನೀನೇನೂ ಮಾಡಿಲ್ಲ’ ಅನ್ನುತ್ತಿದ್ದರು. ಆ ಉತ್ತರದ ನೆಮ್ಮದಿ ಸ್ವಲ್ಪ ಹೊತ್ತು, ಮತ್ತೆ ಅದೇ ಪ್ರಶ್ನೆ. ಉತ್ತರ ಕೊಟ್ಟಷ್ಟೂ ಗೀಳಿಗೆ ಮೇವು. “ಸುಮ್ನೆ ಇರ್ಬೇಕಾ ಹಾಗಾದ್ರೆ? ಹೆತ್ತ ಕರುಳು ಮೇಡಂ” ಅಂದರು. ಸುಮ್ಮನಿರೋದಲ್ಲ. ‘ಇದು ಕಾಯಿಲೆ ಕೇಳ್ತಿರೋ ಪ್ರಶ್ನೆ, ಇದಕ್ಕೆ ನಾನು ಉತ್ತರ ಕೊಡಲ್ಲ. ಬಾ, ಪಕ್ಕ ಕೂತ್ಕೋ’ ಅನ್ನಿ ಅಂದೆ. ಕಲಿತರು.

ಈಗ ಮಗುವಿನ ಸ್ನಾನ ಲತಾ ಅವರೇ ಮಾಡಿಸುತ್ತಾರೆ. ಯೋಚನೆ ಆಗೊಮ್ಮೆ ಈಗೊಮ್ಮೆ ಬರುತ್ತದೆ, ಬಂದರೆ ಕೆಲಸ ನಿಲ್ಲಿಸೋದಿಲ್ಲ. ಮಾತ್ರೆ ಮುಂದುವರಿದಿದೆ, ಯಾವಾಗ ಇಳಿಸಬೇಕು ಅನ್ನೋದು ವೈದ್ಯರಿಗೆ ಬಿಟ್ಟದ್ದು. ಇಂಥದ್ದನ್ನು ಯಾರಿಗೂ ಹೇಳಲಾಗದೆ ಒದ್ದಾಡುತ್ತಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.