ಕಮಾಂಡ್‌ಲೈನ್ ಟೂಲ್‌ನ ತಾತ್ಕಾಲಿಕ ಫೈಲುಗಳಿಗೆ ಡೀಫಾಲ್ಟ್ ಜಾಗ ಯಾವುದಿರಬೇಕು?

ಕಾರವಾರದ ಮೀನುಗಾರರ ಸೊಸೈಟಿಯ ಹಳೆ ಡೀಸೆಲ್ ಬಿಲ್ಲುಗಳನ್ನು ಒಟ್ಟು ಸೇರಿಸಿ ತಾರೀಖಿನ ಪ್ರಕಾರ ಜೋಡಿಸುವ ಟೂಲ್ ಬರೆಯುತ್ತಿದ್ದೀರಿ; ನಡುವೆ ಹುಟ್ಟುವ ಫೈಲುಗಳನ್ನು /ಟಿಎಂಪಿಯಲ್ಲಿ (ಲಿನಕ್ಸಿನಲ್ಲಿ ತಾತ್ಕಾಲಿಕ ಫೈಲುಗಳಿಗೆಂದೇ ಇರುವ ಡೈರೆಕ್ಟರಿ) ಇಡಲೋ, ಟೂಲ್ ಓಡಿಸಿದ ಫೋಲ್ಡರಿನಲ್ಲೇ ಇಡಲೋ ಎಂದು ಕೇಳಿದ್ದೀರಿ. ನಾನು ಶಿರಸಿಯಲ್ಲಿ ಅಡಿಕೆ ಲೆಕ್ಕಕ್ಕೆ ಇಂಥದ್ದೇ ಟೂಲ್‌ಗಳನ್ನು ನೋಡಿಕೊಳ್ಳುತ್ತೇನೆ.

ಮೊದಲು ಟಿಎಂಪಿಡಿಐಆರ್ ಎಂಬ ಎನ್ವಿರಾನ್ಮೆಂಟ್ ವೇರಿಯೇಬಲ್ (ಪ್ರೋಗ್ರಾಮಿಗೆ ಹೊರಗಿನಿಂದ ಸಿಗುವ ಸೆಟ್ಟಿಂಗ್) ನೋಡಿ. ಬಳಸುವವರು ಅಲ್ಲಿ ಒಂದು ಜಾಗ ಹೇಳಿದ್ದರೆ ನಮ್ಮ ಡೀಫಾಲ್ಟ್ ಸುಮ್ಮನಿರಬೇಕು. ಪೈಥಾನ್‌ನ ಟೆಂಪ್‌ಫೈಲ್ ಮಾಡ್ಯೂಲ್ ಮೊದಲು ನೋಡುವುದೂ ಅದನ್ನೇ. ಅದರ ಮೇಲೆ, ಸಾಲುಗಳನ್ನು ಜೋಡಿಸುವ ಗ್ನೂ ಸಾರ್ಟ್ ಕಮಾಂಡಿನಲ್ಲಿ ಇರುವಂತೆ, ಜಾಗ ಬದಲಿಸಲು ಒಂದು ಆಪ್ಷನ್ ಕೊಡಿ.

ಏನೂ ಹೇಳದಿದ್ದಾಗ? ಚಿಕ್ಕ ಫೈಲಿಗೆ /ಟಿಎಂಪಿ ಸಾಕು. ನಿಮ್ಮದು ವರ್ಷಗಟ್ಟಲೆಯ ಬಿಲ್ಲು, ಅದಕ್ಕೆ ಇನ್ನೊಂದು ತಾತ್ಕಾಲಿಕ ಡೈರೆಕ್ಟರಿಯಾದ /ವಾರ್/ಟಿಎಂಪಿ ಇರಲಿ. ಕಾರಣ ಇದೆ. ಲಿನಕ್ಸ್ ಬಗೆಗಳಾದ ಫೆಡೋರಾದಲ್ಲಿ ಬಹಳ ಹಿಂದಿನಿಂದ, ಡೆಬಿಯನ್‌ನಲ್ಲಿ 2025ರಲ್ಲಿ ಬಂದ 13ನೇ ಆವೃತ್ತಿಯಿಂದ, /ಟಿಎಂಪಿ ಇರುವುದು ಡಿಸ್ಕಿನಲ್ಲಲ್ಲ, ರ್‍ಯಾಮ್‌ನಲ್ಲಿ. ಡೆಬಿಯನ್‌ನಲ್ಲಿ ಅದರ ಮಿತಿ ರ್‍ಯಾಮ್‌ನ ಅರ್ಧ. ಸೊಸೈಟಿಯ 4 ಜಿಬಿ ಕಂಪ್ಯೂಟರಿನಲ್ಲಿ 2 ಜಿಬಿ ದಾಟುತ್ತಲೇ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದು ನಿಲ್ಲುತ್ತದೆ. ಹಾರ್ಡ್‌ಡಿಸ್ಕ್ ಅರ್ಧ ಖಾಲಿ ಇರುತ್ತದೆ, ಕೌಂಟರಿನಲ್ಲಿ ಕುಳಿತವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ನಿಮಗೂ ಗೊತ್ತು. ರ್‍ಯಾಮ್‌ನಲ್ಲಿದ್ದದ್ದು ಕರೆಂಟಿನ ಜೊತೆಗೇ ಹೋಗುತ್ತದೆ. /ವಾರ್/ಟಿಎಂಪಿಯಲ್ಲಿದ್ದದ್ದು ರೀಬೂಟ್ ಆದರೂ ಉಳಿಯುತ್ತದೆ, ಆದರೆ ಕಾಯಂ ಅಲ್ಲ: ಲಿನಕ್ಸಿನ ಹಿನ್ನೆಲೆ ಕೆಲಸಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯ ಮೂಲ ಸೆಟ್ಟಿಂಗ್ ಪ್ರಕಾರ ಮುಟ್ಟದೆ ಬಿಟ್ಟದ್ದು 30 ದಿನಕ್ಕೆ ಅಳಿಯುತ್ತದೆ, /ಟಿಎಂಪಿಯಲ್ಲಾದರೆ 10 ದಿನಕ್ಕೆ.

ಓಡಿಸಿದ ಫೋಲ್ಡರ್ ಡೀಫಾಲ್ಟ್ ಆಗುವುದು ಬೇಡವೇ ಬೇಡ. ಅದು ಪೆನ್‌ಡ್ರೈವ್ ಇರಬಹುದು, ಬರೆಯಲು ಅನುಮತಿಯೇ ಇಲ್ಲದ ಜಾಗ ಇರಬಹುದು.

ಒಂದಕ್ಕೆ ಮಾತ್ರ ಈ ನಿಯಮ ಹಿಡಿಯುವುದಿಲ್ಲ, ಕೊನೆಯ ಔಟ್‌ಪುಟ್ ಫೈಲಿಗೆ. ಅದನ್ನು ಎಲ್ಲಿ ಇಡಬೇಕೋ ಅದೇ ಡೈರೆಕ್ಟರಿಯಲ್ಲಿ ಬೇರೆ ಹೆಸರಿನಿಂದ ಬರೆದು, ಡಿಸ್ಕಿಗೆ ಸಿಂಕ್ ಮಾಡಿ, ಆಮೇಲೆ ರಿನೇಮ್ ಮಾಡಿ. ಒಂದೇ ಫೈಲ್‌ಸಿಸ್ಟಂ ಒಳಗೆ ರಿನೇಮ್ ಒಂದೇ ಏಟಿಗೆ ಮುಗಿಯುತ್ತದೆ: ಹಳೆ ಫೈಲ್ ಇರುತ್ತದೆ, ಇಲ್ಲವೇ ಹೊಸದು. /ವಾರ್/ಟಿಎಂಪಿ ಬೇರೆ ಪಾರ್ಟಿಷನ್‌ನಲ್ಲಿದ್ದರೆ ರಿನೇಮ್ ಸೋಲುತ್ತದೆ. ಆಗ ಎಂವಿ ಕಮಾಂಡ್ ನಕಲು ಮಾಡಲು ಹೊರಡುತ್ತದೆ, ಆ ಹೊತ್ತಿಗೇ ಕರೆಂಟು ಹೋದರೆ ಅರ್ಧ ಬಿಲ್ಲಿನ ಫೈಲು ಪೂರ್ತಿ ಬಿಲ್ಲಿನ ಹೆಸರಿನಲ್ಲಿ ಕೂತಿರುತ್ತದೆ. ಲೆಕ್ಕದ ಕೆಲಸದಲ್ಲಿ ಇದಕ್ಕಿಂತ ಕೆಟ್ಟದ್ದು ನನಗೆ ತೋಚುವುದಿಲ್ಲ.

ಫೈಲಿನ ಹೆಸರನ್ನು ನೀವೇ ಕಟ್ಟಬೇಡಿ. /ಟಿಎಂಪಿ, /ವಾರ್/ಟಿಎಂಪಿ ಎರಡೂ ಎಲ್ಲರೂ ಬರೆಯಬಹುದಾದ ಜಾಗಗಳು, ಊಹಿಸಬಲ್ಲ ಹೆಸರಿನಲ್ಲಿ ಬೇರೆಯವರು ಮೊದಲೇ ಸಿಂಬಾಲಿಕ್ ಲಿಂಕ್ (ಬೇರೆ ಫೈಲಿನತ್ತ ತಿರುಗಿಸುವ ಕೊಂಡಿ) ಹಾಕಿಡಬಹುದು. ಊಹಿಸಲಾಗದ ಹೆಸರು ಕಟ್ಟಿಕೊಡುವ ಎಂಕೆಟೆಂಪ್ ಕಮಾಂಡಿಗೆ -ಡಿ ಕೊಟ್ಟರೆ ನಿಮಗಷ್ಟೇ ತೆರೆಯುವ ಡೈರೆಕ್ಟರಿ ಸಿಗುತ್ತದೆ. ಶೆಲ್ ಸ್ಕ್ರಿಪ್ಟ್ ಆದರೆ ಟ್ರ್ಯಾಪ್ (ಸ್ಕ್ರಿಪ್ಟ್ ಮುಗಿಯುವಾಗ ತಾನೇ ಓಡುವ ಕಮಾಂಡ್) ಹಾಕಿ ಕೊನೆಗೆ ಆ ಡೈರೆಕ್ಟರಿ ಅಳಿಸಿ.

ಜಾಗ ಸಾಲದೆ ನಿಂತಾಗ ಯಾವ ಡೈರೆಕ್ಟರಿ ತುಂಬಿತು ಎಂದು ಪೂರ್ತಿ ಪಾತ್ ಸಮೇತ ಎರರ್‌ನಲ್ಲಿ ತೋರಿಸಿ, ಟಿಎಂಪಿಡಿಐಆರ್ ಬದಲಿಸಬಹುದು ಎಂದೂ ಅಲ್ಲೇ ಬರೆಯಿರಿ.