ಓದುಗರ ಪ್ರಶ್ನೆ, ನಮ್ಮ ಉತ್ತರ: ಕಂದಾಯದ ಪುಸ್ತಕ ಯಾರ ಕೈಯಲ್ಲಿ?

ಮಲೆನಾಡಿನ ನಗರದ (ಹಳೆಯ ಬಿದನೂರಿನ) ರೈತ ದಂಗೆ ಮತ್ತು 1942ರಲ್ಲಿ ತನ್ನದೇ ಸರ್ಕಾರ ಕಟ್ಟಿಕೊಂಡ ಈಸೂರಿನ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಹೊಸನಗರದ ಓದುಗರು: 1830ರ ನಗರದ ದಂಗೆಗೆ "ದುರಾಡಳಿತ ಕಾರಣ" ಎಂದು ಪಠ್ಯಪುಸ್ತಕ ಒಂದೇ ಮಾತಿನಲ್ಲಿ ಮುಗಿಸುತ್ತದೆ. ರೈತನ ಮನೆಬಾಗಿಲಿಗೆ ಆ ದುರಾಡಳಿತ ಬರುತ್ತಿದ್ದುದಾದರೂ ಹೇಗೆ?

ಶರ್ತು ಎಂಬ ಕಾಗದದ ರೂಪದಲ್ಲಿ. ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರ ಅಲ್ಲಿಂದ ಇಷ್ಟು ಹಣ ಎತ್ತಿ ಕೊಡುತ್ತೇನೆ ಎಂದು ಅರಮನೆಗೆ ಮುಚ್ಚಳಿಕೆ ಬರೆದುಕೊಡಬೇಕಿತ್ತು. ವಸೂಲಿ ಕಡಿಮೆ ಬಿದ್ದರೆ ಅವನೇ ಕೈಯಿಂದ ತುಂಬಬೇಕು. ಹೆಚ್ಚು ಬಂದರೆ ಅದೂ ಸರ್ಕಾರಕ್ಕೇ ಸೇರಬೇಕು. ಬರೆದುಕೊಡುವ ಮೊತ್ತವೋ, ಸಾಮಾನ್ಯವಾಗಿ ಹಿಂದಿನ ವರ್ಷದ ವಸೂಲಿಗಿಂತ ಜಾಸ್ತಿಯೇ.

ಲೆಕ್ಕ ಹಾಕಿ ನೋಡೋಣ. ಅಂಕಿ ನಾವು ಹಾಕಿಕೊಂಡದ್ದು, ಪದ್ಧತಿ ಮಾತ್ರ ದಾಖಲೆಯದು. ಹಿಂದಿನ ವರ್ಷ ತಾಲ್ಲೂಕಿನಿಂದ 10,000 ವರಹ ಬಂದಿತ್ತು ಎನ್ನಿ. ಹುದ್ದೆ ಉಳಿಸಿಕೊಳ್ಳಲು ಅಮಲ್ದಾರ 11,000ಕ್ಕೆ ಶರ್ತು ಬರೆದ. ಆ ವರ್ಷ ಮಳೆ ಕೈಕೊಟ್ಟು ನ್ಯಾಯವಾಗಿ ಹುಟ್ಟಿದ್ದು 8,500. ಉಳಿದ 2,500 ವರಹವನ್ನು ಅವನು ಹೆಂಡತಿಯ ಒಡವೆ ಮಾರಿ ಕಟ್ಟುತ್ತಾನೆಯೇ? ರೈತನ ಹಟ್ಟಿಗೆ ಬರುತ್ತಾನೆ. ಸರ್ಕಾರದ ಪಾಲಿಗೆ ಬಂದ ಧಾನ್ಯವನ್ನು ತಾನು ಹೇಳಿದ ದರಕ್ಕೆ ರೈತನೇ ಕೊಳ್ಳಬೇಕೆಂದು ಹಿಡಿಯುತ್ತಾನೆ. ಆ ಕಾಲದಲ್ಲಿ ಧಾನ್ಯದ ಬೆಲೆ ಕುಸಿದಿತ್ತು. ಬೆಳೆ ಕೈಗೆ ಬಂದವನಿಗೂ ನಗದು ಹುಟ್ಟುತ್ತಿರಲಿಲ್ಲ, ಸರ್ಕಾರಕ್ಕೆ ಬೇಕಾದದ್ದು ನಗದು.

ಹೊಸ ತೆರಿಗೆ ಹಾಕುವುದಿಲ್ಲ, ರೈತರನ್ನು ಹಿಂಸಿಸುವುದಿಲ್ಲ, ಧಾನ್ಯ ಕೊಳ್ಳುವಂತೆ ಬಲಾತ್ಕರಿಸುವುದಿಲ್ಲ ಎಂದೂ ಅದೇ ಮುಚ್ಚಳಿಕೆಯಲ್ಲಿ ಅಮಲ್ದಾರ ಬರೆದುಕೊಡುತ್ತಿದ್ದ. ಆ ಸಾಲುಗಳಿಗೆ ಶಾಯಿಯ ಬೆಲೆಯೂ ಇರಲಿಲ್ಲ. ಮಾತು ಮುರಿದ ಅಮಲ್ದಾರನ ಮೇಲೆ ದೂರು ಹೋದರೆ ಕೇಳುವವರಿಲ್ಲ ಎಂಬುದು ಮುಂದೆ ವಿಚಾರಣೆಗೆ ಬಂದ ಸಮಿತಿಗೇ ಕಂಡಿತು.

ಮಲೆನಾಡಿನ ರೈತನಿಗೆ ಇದು ಹೆಚ್ಚು ಚುಚ್ಚಿದ್ದಕ್ಕೆ ಕಾರಣವಿದೆ. ಅವನ ನೆನಪಿನಲ್ಲಿ ಇನ್ನೊಂದು ಲೆಕ್ಕವಿತ್ತು: ಕೆಳದಿಯ ಶಿವಪ್ಪ ನಾಯಕನ ಸಿಸ್ತು. ಊರಿಗೊಂದು ಗದ್ದೆಯನ್ನು 12 ವರ್ಷ ಅರಸನ ಖರ್ಚಿನಲ್ಲೇ ಸಾಗು ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು, ಅದರ ಬೆಲೆ ಎಲ್ಲ ಬರೆಸಿ, ಸರಾಸರಿ ತೆಗೆದು ಮೂರರಲ್ಲೊಂದು ಪಾಲನ್ನು ನಿಗದಿ ಮಾಡಿದ್ದ ಎನ್ನುತ್ತಾರೆ. ಆಮೇಲಿನವರು ಅದರ ಮೇಲೆ ಪಟ್ಟಿ ಎಂಬ ಹೆಚ್ಚುವರಿ ತೆರಿಗೆಗಳನ್ನು ಏರಿಸಿದರು, ನಿಜ. ಆದರೂ "ಇಷ್ಟೇ" ಎಂಬ ಒಂದು ಗೆರೆ ಇತ್ತು. ಶರ್ತು ಅಳಿಸಿದ್ದು ಆ ಗೆರೆಯನ್ನು.

ಚಿಲ್ಲರೆ ತೆರಿಗೆಗಳ ಕಥೆ ಬೇರೆಯೇ. ದಂಗೆಯ ನಂತರ ಮೈಸೂರಿನ ಆಡಳಿತ ಇಂಗ್ಲಿಷರ ಕೈಸೇರಿದ ಮೇಲೆ, 1834ರಿಂದ 1861ರವರೆಗೆ ಅಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಬಗೆಯ ಸಣ್ಣ ತೆರಿಗೆಗಳು ರದ್ದಾದವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಕೂದಲು ತೆಗೆಸಿದರೆ ತೆರಿಗೆ. ಒಂದು ಊರಿನವರು, ಯಾವುದೋ ಕಾಲದ ಪಾಳೆಯಗಾರನ ಕಳೆದುಹೋದ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತೆರುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಂತೂ ಎರಡೂ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದರೆ ದುಡ್ಡು ಕಟ್ಟಬೇಕಿತ್ತು. ತಮಾಷೆಯಲ್ಲ, ಇವೆಲ್ಲ ಸರ್ಕಾರದ ಆದಾಯವೆಂದು ಲೆಕ್ಕದ ಪುಸ್ತಕದಲ್ಲಿ ಕ್ರಮವಾಗಿ ದಾಖಲಾಗಿದ್ದವು.

ಸಾಗರದ ಓದುಗರು: ಅರಸನ ವಿರುದ್ಧ ಎದ್ದವರು ಬೂದಿ ಬಸವಪ್ಪನೆಂಬ ಇನ್ನೊಬ್ಬ "ಅರಸ"ನನ್ನೇ ಮುಂದಿಟ್ಟುಕೊಂಡರಲ್ಲ? ಇದನ್ನು ಕ್ರಾಂತಿ ಎನ್ನಬಹುದೇ?

ಫ್ರಾನ್ಸಿನ ಅರ್ಥದಲ್ಲಿ ಅಲ್ಲ. ಆದರೆ ಮೊದಲು ನಡೆದದ್ದು ಅರಸನ ವಿಷಯವೇ ಅಲ್ಲ ಎಂಬುದನ್ನು ಗಮನಿಸಿ. 1830ರಲ್ಲಿ ರೈತರು ಊರು ಬಿಟ್ಟು ಒಂದೆಡೆ ಸೇರಿದರು. ಅದಕ್ಕೆ ಕೂಟ ಎಂದು ಹೆಸರು. ಬಸವಾಪಟ್ಟಣ, ಹೊಳೆಹೊನ್ನೂರು ಕಡೆಯ ಕೂಟಗಳು ಹೆಸರಾದವು. ಕೂಟ ಮಾಡಿದ್ದು ಸರಳ ಕೆಲಸ: ಕಂದಾಯ ನಿಲ್ಲಿಸಿತು, ಕಚೇರಿಗೆ ಕರೆದರೆ ಹೋಗಲಿಲ್ಲ. ಒಬ್ಬೊಬ್ಬನನ್ನೇ ಹಿಡಿದು ವಸೂಲು ಮಾಡುವುದರಲ್ಲಿ ಪಳಗಿದ ಆಡಳಿತಕ್ಕೆ ಊರಿಗೆ ಊರೇ ಒಟ್ಟಿಗೆ ಕುಳಿತರೆ ಏನು ಮಾಡಬೇಕೆಂದು ತೋಚುವುದಿಲ್ಲ.

ಬೂದಿ ಬಸವಪ್ಪ, ತರೀಕೆರೆಯ ರಂಗಪ್ಪ ನಾಯಕ ಸೇರಿಕೊಂಡ ಮೇಲೆ ದಂಗೆಗೆ ಕತ್ತಿ ಬಂತು, ಕೋಟೆ ಬಂತು, ಜೊತೆಗೆ ಬೇರೆಯವರ ಗುರಿಯೂ ಬಂತು. ಬಸವಪ್ಪ ತಾನು ಕೆಳದಿಯ ವಾರಸುದಾರನೆಂದ. ತರೀಕೆರೆಯವರಿಗೆ ಕಳೆದುಹೋದ ಪಾಳೆಯಪಟ್ಟು ಬೇಕಿತ್ತು. ಇಲ್ಲೇ ಎಡವಿದ್ದು ಎಂಬುದು ನಮ್ಮ ಅಭಿಪ್ರಾಯ. ಕಂದಾಯದ ಜಗಳವಾಗಿ ಉಳಿದಿದ್ದರೆ ಮೈಸೂರು ಸರ್ಕಾರ ಮಾತುಕತೆಗೆ ಕೂರಬೇಕಾಗುತ್ತಿತ್ತು. ಗದ್ದುಗೆಯ ಜಗಳವಾದ್ದರಿಂದ ಕಂಪನಿಯ ಸೈನ್ಯ ಬಂತು. 1831ರ ಜೂನ್‌ನಲ್ಲಿ ನಗರದ ಕೋಟೆ ಬಿತ್ತು. ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್, 1799ರ ಒಪ್ಪಂದವನ್ನು ತೋರಿಸಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನೇ ಕಿತ್ತುಕೊಂಡ. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಅಮಲ್ದಾರನ ಮೇಲೆ ಎದ್ದ ದಂಗೆಯ ಲಾಭ ಇಂಗ್ಲಿಷರಿಗೆ ಹೋಯಿತು.

ಕಳೆದುಹೋದ ಅರಮನೆಯ ಹೆಸರು ಹೇಳಿ ಜನ ಸೇರಿಸುವುದು ನಗರದಲ್ಲಷ್ಟೇ ನಡೆದದ್ದಲ್ಲ. 1837ರಲ್ಲಿ ಅಮರ ಸುಳ್ಯದ ರೈತರು ಎದ್ದಾಗ ಮುಂದೆ ನಿಂತ ಪುಟ್ಟಬಸಪ್ಪ, ಕೊಡಗಿನ ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಹೇಳಿಕೊಂಡ. ಅಲ್ಲಿಯೂ ಬೇರಿನಲ್ಲಿದ್ದದ್ದು ಕಂದಾಯವೇ: ಧಾನ್ಯದಲ್ಲಿ ಕೊಡುತ್ತಿದ್ದುದನ್ನು ಕಂಪನಿ ನಗದಿನಲ್ಲಿ ಕೇಳಿತು.

ಫ್ರಾನ್ಸಿನಲ್ಲೂ ಶರ್ತಿನ ಅಣ್ಣನಂಥ ಒಂದು ವ್ಯವಸ್ಥೆ ಇತ್ತು. ಉಪ್ಪು, ತಂಬಾಕು ಮುಂತಾದವುಗಳ ತೆರಿಗೆ ಎತ್ತುವ ಹಕ್ಕನ್ನು ಶ್ರೀಮಂತ ಗುತ್ತಿಗೆದಾರರ ಒಂದು ಕೂಟ ಅರಸನಿಂದ ಹಿಡಿಯುತ್ತಿತ್ತು. ಅವರಲ್ಲಿ 28 ಮಂದಿಯ ತಲೆ 1794ರ ಮೇ 8ರಂದು ಉರುಳಿತು. ರಸಾಯನಶಾಸ್ತ್ರಜ್ಞ ಲಾವೋಸಿಯೆ ಅವರಲ್ಲೊಬ್ಬ. ಅದಕ್ಕೂ ಮೊದಲೇ, 1789ರ ಬೇಸಿಗೆಯಲ್ಲಿ, ಹಳ್ಳಿಯ ರೈತರು ಜಮೀನುದಾರರ ಮನೆಗಳಿಗೆ ನುಗ್ಗಿದಾಗ ಹುಡುಕಿದ್ದು ಚಿನ್ನವನ್ನಲ್ಲ, ತಮ್ಮ ಬಾಕಿಗಳನ್ನು ಬರೆದಿಟ್ಟ ಪುಸ್ತಕಗಳನ್ನು. ಸಿಕ್ಕಿದ್ದನ್ನು ಅಂಗಳದಲ್ಲಿ ಹಾಕಿ ಸುಟ್ಟರು. ಆಗಸ್ಟ್ 4ರ ರಾತ್ರಿ ವರ್ಸೈನಲ್ಲಿ ಕೂಡಿದ್ದ ರಾಷ್ಟ್ರೀಯ ಸಭೆ ಊಳಿಗಮಾನ್ಯ ಹಕ್ಕುಗಳನ್ನು ಬಿಟ್ಟುಕೊಡುವ ನಿರ್ಣಯ ಮಾಡಿತು. ಹಳ್ಳಿ ಸುಟ್ಟದ್ದನ್ನು ಕಾನೂನು ಮಾಡಿಕೊಡುವ ಒಂದು ಸಭೆ ಅವರಿಗಿತ್ತು. ನಗರದ ಕೂಟಕ್ಕೆ ಅಂಥದ್ದು ಇರಲಿಲ್ಲ.

ಭದ್ರಾವತಿಯ ಓದುಗರು: ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಕ್ರಾಂತಿಕಾರಿಗಳ ಸಂಘ ಇತ್ತಂತೆ, ಹೌದೇ?

1797ರಲ್ಲಿ ಅಲ್ಲಿದ್ದ ಫ್ರೆಂಚರು ಸಂಘ ಕಟ್ಟಿ, ಸ್ವಾತಂತ್ರ್ಯದ ಗಿಡ ನೆಟ್ಟು, ಟಿಪ್ಪುವನ್ನು "ನಾಗರಿಕ" ಎಂದು ಕರೆದರೆಂಬ ಕಾಗದಪತ್ರಗಳಿವೆ. ಅವು ಹೊರಬಂದದ್ದು 1799ರಲ್ಲಿ ಕೋಟೆ ಬಿದ್ದ ಮೇಲೆ, ಇಂಗ್ಲಿಷರ ಕೈಯಿಂದ. ಹಾಗಾಗಿ ಎಷ್ಟು ನಂಬಬೇಕೆಂಬ ಚರ್ಚೆ ಇತಿಹಾಸಕಾರರಲ್ಲಿದೆ. ಮಲೆನಾಡಿನ ರೈತರವರೆಗೆ ಅದರ ಗಾಳಿ ಬೀಸಿತೆನ್ನಲು ಆಧಾರವಿಲ್ಲ.

ಶಿಕಾರಿಪುರ ತಾಲ್ಲೂಕಿನ ಶಿಕ್ಷಕರು: ಮಕ್ಕಳಿಂದ ಈಸೂರಿನ ರೂಪಕ ಆಡಿಸುತ್ತಿದ್ದೇವೆ. ಎಲ್ಲಿ ಎಚ್ಚರ ವಹಿಸಬೇಕು?

ಬಾವುಟದಿಂದ ಶುರು ಮಾಡಿ. ವೀರಭದ್ರ ದೇವಸ್ಥಾನದ ಮೇಲೆ 1942ರ ಸೆಪ್ಟೆಂಬರ್‌ನಲ್ಲಿ ಹಾರಿದ ತ್ರಿವರ್ಣದ ನಡುವೆ ಇದ್ದದ್ದು ಚರಕ. ಅಶೋಕ ಚಕ್ರ ಬಂದದ್ದು 1947ರ ಜುಲೈ 22ರಂದು. ಅಂಗಡಿಯಿಂದ ತಂದ ಇಂದಿನ ಬಾವುಟ ಹಿಡಿಸಿದರೆ ಮೊದಲ ದೃಶ್ಯದಲ್ಲೇ ತಪ್ಪು.

ಎರಡನೆಯದು, ಬಿಳಿ ದೊರೆಯ ವೇಷ. ಸೂಟು ಹಾಕಿದ ಹುಡುಗನೊಬ್ಬ "ಟುಮ್ ಲೋಗ್" ಎನ್ನುತ್ತ ಬರುವುದು ರೂಪಕಗಳ ಹಳೇ ಚಾಳಿ, ಚಪ್ಪಾಳೆಯೂ ಗಿಟ್ಟುತ್ತದೆ. ಈಸೂರಿಗೆ ಬಂದದ್ದು ಮಾತ್ರ ಮೈಸೂರು ಸಂಸ್ಥಾನದ ಅಧಿಕಾರಿಗಳು, ಕನ್ನಡ ಮಾತಾಡುವವರು. ಬ್ರಿಟಿಷರು ಭಾರತ ಬಿಟ್ಟು ತೊಲಗಬೇಕೆಂಬ ಕೂಗಿನ ಜೊತೆಗೆ, ಮಹಾರಾಜರಿಗಲ್ಲದೆ ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಬೇಕೆಂಬುದು ಇಲ್ಲಿಯ ಬೇಡಿಕೆ. ಎರಡೂ ಸೇರಿದರೇನೇ ಊರ ಬಾಗಿಲಲ್ಲಿ ಬೋರ್ಡು ಹಾಕಿ ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳನ್ನು ತಡೆದದ್ದು ಅರ್ಥವಾಗುವುದು.

ದೃಶ್ಯಗಳ ಕ್ರಮ ಹೀಗಿರಲಿ: ಪಟೇಲ, ಶಾನುಭೋಗರಿಂದ ಕಂದಾಯದ ಪುಸ್ತಕಗಳನ್ನು ಕಸಿದುಕೊಳ್ಳುವುದು, ಬಾವುಟ, ಬೋರ್ಡು, ಒಳಬರುವವರಿಗೆ ಗಾಂಧಿ ಟೋಪಿಯ ಕಟ್ಟಳೆ, ಊರಿನದೇ ಸರ್ಕಾರ, ಅದಕ್ಕೆ ಬಾಲಕ ಜಯಣ್ಣ ಅಮಲ್ದಾರ, ಬಾಲಕ ಮಲ್ಲಪ್ಪ ಸಬ್‌ ಇನ್‌ಸ್ಪೆಕ್ಟರ್, ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಮತ್ತು ಸಬ್‌ ಇನ್‌ಸ್ಪೆಕ್ಟರ್ ಪೊಲೀಸರೊಂದಿಗೆ ಬಂದದ್ದು, ಘರ್ಷಣೆ, ಇಬ್ಬರು ಅಧಿಕಾರಿಗಳ ಸಾವು. ಆಮೇಲೆ ಊರಿನವರು ಕಾಡು ಸೇರಿದ್ದು, ಮನೆಗಳಿಗೆ ಬೆಂಕಿ ಬಿದ್ದದ್ದು. ಪುಸ್ತಕದ ದೃಶ್ಯಕ್ಕೆ ಹೆಚ್ಚು ಹೊತ್ತು ಕೊಡಿ, ಇಡೀ ಘಟನೆಯ ಬೀಗದಕೈ ಅದು.

ಇಬ್ಬರು ಅಧಿಕಾರಿಗಳ ಸಾವನ್ನು ಕೆಲವರು ಬಿಟ್ಟುಬಿಡುತ್ತಾರೆ, ಇನ್ನು ಕೆಲವರು ನಗೆಯಾಟ ಮಾಡುತ್ತಾರೆ. ಎರಡೂ ಬೇಡ. ಅದಿಲ್ಲದೆ 1943ರ ಮಾರ್ಚ್ 8ರಿಂದ 10ರವರೆಗೆ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದ್ದು ಏಕೆಂದು ನೋಡುವವರಿಗೆ ತಿಳಿಯುವುದಿಲ್ಲ. ಗಲ್ಲಿಗೇರಿದ ಮಲ್ಲಪ್ಪ ಬೇರೆ, ಬಾಲಕ ಮಲ್ಲಪ್ಪ ಬೇರೆ. ಒಬ್ಬನೇ ಹುಡುಗನಿಗೆ ಎರಡೂ ಪಾತ್ರ ಕೊಟ್ಟು ಗೊಂದಲ ಮಾಡಬೇಡಿ. ಹಾಲಮ್ಮ, ಸಿದ್ದಮ್ಮ, ಪಾರ್ವತಮ್ಮ ಅವರಿಗೆ ಜೀವಾವಧಿ ಶಿಕ್ಷೆಯಾದದ್ದೂ ಬರಲಿ.

ಶಿವಮೊಗ್ಗದ ಓದುಗರು: "ನಮಗೆ ಸ್ವಾತಂತ್ರ್ಯ ಬಂದದ್ದು ದಸರಾ ಕಳೆದ ಮೇಲೆ" ಎಂದು ನಮ್ಮಜ್ಜ ಹೇಳುತ್ತಿದ್ದರು. ಮರೆವೇ?

ಮರೆವಲ್ಲ. 1947ರ ಆಗಸ್ಟ್ 15ರಂದು ಶಿವಮೊಗ್ಗ ಜಿಲ್ಲೆ ಭಾರತಕ್ಕೆ ಸೇರಿತ್ತು, ಆದರೆ ಆಳುತ್ತಿದ್ದವರು ಮಹಾರಾಜರ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರೇ. ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ "ಮೈಸೂರು ಚಲೋ" ಚಳವಳಿ ನಡೆಯಿತು. ಅಕ್ಟೋಬರ್ 12ರಂದು ಒಪ್ಪಂದವಾಗಿ, ಆ ತಿಂಗಳ ಕೊನೆಯ ವಾರ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು.

ತೀರ್ಥಹಳ್ಳಿ ತಾಲ್ಲೂಕಿನ ಓದುಗರು: ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕಿದೆ. ಬಿಳಿ ಅಕ್ಷರ, ಧೂಳು ತುಂಬಿದೆ. ಒರೆಸಬಹುದೇ?

ಒದ್ದೆ ಬಟ್ಟೆ ಮಾತ್ರ ಮುಟ್ಟಿಸಬೇಡಿ! ಅದು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಬರೆದದ್ದು. ಸ್ಲೇಟಿನಂತೆ ಅಳಿಸಿ ಬರೆಯಲೆಂದೇ ಮಾಡಿದ ವಸ್ತು, ಒಮ್ಮೆ ಒರೆಸಿದರೆ ನೂರೈವತ್ತು ವರ್ಷದ ಲೆಕ್ಕ ನಿಮ್ಮ ಕೈಬಟ್ಟೆಗೆ ಬರುತ್ತದೆ. ಎಣ್ಣೆಯೂ ಬೇಡ. ಎಣ್ಣೆ ಸವರುವುದು ತಾಳೆಗರಿಗೆ. ಗರಿಯಲ್ಲಿ ಅಕ್ಷರ ಕೊರೆದಿರುತ್ತದೆ, ಇಲ್ಲಿ ಮೇಲೆ ಕೂತಿರುತ್ತದೆ.

ಮಳೆಗಾಲದಲ್ಲಿ ಬಿಚ್ಚಬೇಡಿ, ಹುಣಿಸೆಬೀಜದ ಸರಿ ತೇವ ಹೀರಿ ಮಡಿಕೆಗಳು ಅಂಟಿಕೊಂಡಿರುತ್ತವೆ. ದೀಪಾವಳಿ ಕಳೆದ ಮೇಲೆ ಒಣಗಿದ ಕೋಣೆಯಲ್ಲಿ ನಾಲ್ಕು ದಿನ ಬಿಟ್ಟು, ಇಬ್ಬರು ಕೂತು ತೆರೆಯಿರಿ. ಬಿಸಿಲಿಗೆ ಇಟ್ಟರೆ ಲೇಪ ಸಿಡಿದು ಉದುರುತ್ತದೆ. ಅಂಟಿದ ಕಡೆ ಎಳೆಯದೆ, ಅದನ್ನು ಹಾಗೆಯೇ ಬಿಟ್ಟು ಮುಂದೆ ಹೋಗಿ. ಮೊಬೈಲಿನ ಫ್ಲಾಶ್ ಆರಿಸಿ, ಕಿಟಕಿಯ ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಮಾಸಿದ ಬಳಪವೂ ಕಾಣುತ್ತದೆ. ಮಡಿಕೆಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಿ, ಕಡತದ ಮೇಲೆ ಬರೆಯಬೇಡಿ. ಹಿಂಬದಿಯನ್ನು ಮರೆಯಬೇಡಿ. ಆಮೇಲೆ ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ. ಪತ್ರಿಕೆಯ ಕಾಗದ, ಪ್ಲಾಸ್ಟಿಕ್ ಚೀಲ ಎರಡೂ ಆಗದು. ಸಾಗರದ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಫೋಟೊ ಒಯ್ದು ತೋರಿಸಿದರೆ ಓದಿಸಲು ದಾರಿ ಸಿಗಬಹುದು, ಕೆಲವು ಪುಟ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದರೂ ಇರಬಹುದು.

ಓದುವಾಗ ಸಂವತ್ಸರದ ಹೆಸರೊಂದನ್ನೇ ನಂಬಬೇಡಿ, 60 ವರ್ಷಕ್ಕೆ ಅದೇ ಹೆಸರು ಮರಳುತ್ತದೆ. ವಿಕೃತಿ ಎಂದರೆ 1770 ಆಗಬಹುದು, 1830 ಆಗಬಹುದು, 1890ರೂ ಆಗಬಹುದು. ಶಕವರ್ಷ ಇದ್ದರೆ 78 ಕೂಡಿಸಿ: 1752 ಎಂದಿದ್ದರೆ 1830. ಮೊತ್ತದ ಅಂಕಣದಲ್ಲಿ ಅಡ್ಡ ಎಂದರೆ ಅರ್ಧ ಹಣ (ಹಣ ಎಂಬುದು ಆ ಕಾಲದ ಒಂದು ನಾಣ್ಯ), ಹಾಗ ಕಾಲು ಹಣ, ವೀಸ ಹದಿನಾರನೆಯ ಒಂದು ಪಾಲು. ನಿಮ್ಮ ಕಡತ ಕಂದಾಯದ್ದೇ ಆಗಿದ್ದು, ಶಕ 1752, 1753ರ ಮಡಿಕೆಗಳು ಸಿಕ್ಕರೆ, ಸಂದಾಯದ ಅಂಕಣ ಖಾಲಿಯಿದೆಯೇ ಎಂದು ನೋಡಿ. ಖಾಲಿಯಿದ್ದರೆ ಕೂಟ ನಿಮ್ಮೂರಿಗೂ ಬಂದಿತ್ತೇನೋ. ಹಾಗೆಂದು ತೀರ್ಮಾನಿಸುವ ಮೊದಲು ಅದೇ ಪುಟವನ್ನು ಓರೆ ಬೆಳಕಿಗೆ ಇನ್ನೊಮ್ಮೆ ಹಿಡಿಯಿರಿ, ಅಳಿಸಿಹೋದ ಬಳಪವೂ ಖಾಲಿಯಂತೆಯೇ ಕಾಣುತ್ತದೆ.