ಹೊಸ ಗ್ಯಾಸ್ಕೆಟ್ ಹಾಕಿದ್ರೂ ಉಸ್ ಅಂತೈತಿ

ಪ್ರಶ್ನೆ: ನಮ್ದು ಕಾರ್ಬುರೇಟರ್ ಇರೋ ಹಳೇ ಮಾರುತಿ 800. ಇಂಟೇಕ್ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲ್ ಇಂಜಿನ್‌ಗೆ ಒಯ್ಯೋ ಕೊಳವೆ) ಗ್ಯಾಸ್ಕೆಟ್ (ಜಾಯಿಂಟ್ ಸೋರದಂಗ ಹಾಕೋ ತೆಳು ಪಟ್ಟಿ) ಹೊಸದು ಹಾಕ್ಸಿ ತಿಂಗಳಾಗಿಲ್ಲ, ಎರಡೂ ಕಡೆ ಸಿಲಿಕಾನ್ ಬ್ಯಾರೆ ಮೆತ್ಸೀನಿ, ಆದ್ರೂ ಐಡ್ಲಿಂಗ್ (ಗಾಡಿ ನಿಂತಾಗಿನ ಇಂಜಿನ್ ಓಟ) ಒಂದೇ ಸಮ ನಿಲ್ಲವಲ್ದು, ಉಸ್ ಅಂತ ಸದ್ದು ಬರ್ತೈತಿ. ಏನ್ ಮಾಡ್ಲಿ?
— ಓದುಗರೊಬ್ಬರು, ಸಂಡೂರು

ಉತ್ತರ: ಅಣ್ಣಾರ, ಆ ಸಿಲಿಕಾನ್ನೇ ಮೊದ್ಲು ತೆಗೀರಿ. ಸಾದಾ ಸಿಲಿಕಾನ್ ಪೆಟ್ರೋಲ್ ತಾಗಿದ್ರ ಉಬ್ಬಿ ಮೆತ್ತಗಾಗ್ತೈತಿ, ಒತ್ತಿದಾಗ ಒಳಗೆ ಇಳಿದಿದ್ದು ಹುಳದಂಗ ಪೋರ್ಟ್‌ನಾಗ (ಇಂಜಿನ್‌ಗೆ ಗಾಳಿ ಹೋಗೋ ತೂತಿನಾಗ) ಜೋತು ಬಿದ್ದಿರ್ತೈತಿ. ಇಂಜಿನ್ ತಣ್ಣಗಾದ ಮ್ಯಾಲೆ ಮ್ಯಾನಿಫೋಲ್ಡ್ ಬಿಚ್ಚಿ, ಅದರಾಗ ನೀರಿನ ದಾರಿ ಇದ್ರ ಕೂಲೆಂಟ್ ಮೊದ್ಲೇ ಇಳಿಸಿ, ಪೋರ್ಟಿಗೆ ಬಟ್ಟೆ ತುರುಕಿ (ಎಷ್ಟು ತುರುಕಿದ್ರಿ ಎಣಿಸಿಡ್ರಿ, ಆಮೇಲೆ ಅಷ್ಟೂ ತೆಗೀಬೇಕು), ಹಳೇ ಗ್ಯಾಸ್ಕೆಟ್ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೀರಿ, ಮ್ಯಾನಿಫೋಲ್ಡ್ ಕೂರೋ ಇಂಜಿನ್ನಿನ ಹೆಡ್ ಅಲ್ಯೂಮಿನಿಯಂ ಐತಿ, ಚಾಕು ಹಾಕಿದ್ರ ಗೀರು ಬಿದ್ದು ಅಲ್ಲಿಂದನ ಗಾಳಿ ಎಳೀತೈತಿ.

ಆಮೇಲೆ ಮ್ಯಾನಿಫೋಲ್ಡಿನ ಜಾಯಿಂಟ್ ಮುಖದ ಮ್ಯಾಲೆ ನೆಟ್ಟಗಿರೋ ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಉಕ್ಕಿನ ಎಲೆ) ತೂರಿಸಿ ನೋಡ್ರಿ. 0.1 ಮಿ.ಮೀ. ಎಲೆ ಸಲೀಸಾಗಿ ಹೋದ್ರ ಮುಖ ಸೊಟ್ಟ ಆಗೈತಿ ಅಂತ, ಲೇತ್ ಅಂಗಡ್ಯಾಗ ಸರ್ಫೇಸ್ ಮಾಡಿಸ್ರಿ. ನನಗನಿಸೋ ಮಟ್ಟಿಗೆ ನಿಮ್ಮ ರೋಗ ಇದೇ.

ಹೊಸ ಗ್ಯಾಸ್ಕೆಟ್ ಒಣದೇ, ಅಂದ್ರ ಸಿಲಿಕಾನ್ ಮೆತ್ತದೇ ಕೂರಿಸ್ರಿ. ನಡುವಿನ ನಟ್‌ನಿಂದ ಹೊರಗಡೆಗೆ, ಎರಡ್ಮೂರು ಸುತ್ತಿನಾಗ, ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆಯೋ ಪಾನಾ) ಮ್ಯಾನ್ಯುಯಲ್ ಹೇಳಿದಷ್ಟೇ ಬಿಗೀರಿ. ಸ್ಟಾರ್ಟ್ ಮಾಡಿ ಜಾಯಿಂಟಿಗೆ ಸೋಪಿನ ನೀರು ಚಿಮುಕಿಸ್ರಿ, ಐಡ್ಲಿಂಗ್ ಬದಲಾದ್ರ ಅಲ್ಲೇ ಸೋರಿಕೆ.

ತಡ ಮಾಡಬ್ಯಾಡ್ರಿ, ನಿಮ್ಮೂರಿನ ಅದಿರಿನ ಧೂಳು ಏರ್ ಫಿಲ್ಟರ್ ದಾಟದೇ ಆ ಸಂದಿಯಿಂದ ನೇರ ಒಳಗೆ ಹೋಗಿ ಪಿಸ್ಟನ್ ರಿಂಗ್ ತಿಂತೈತಿ.